ಟ್ಯಾಬ್ ತಗೊಳ್ಳುವುದಾ, ಕ್ರೋಮ್‌ಬುಕ್ ತಗೊಳ್ಳುವುದಾ? ಕರಾವಳಿ ಮನೆಗಳಿಗೆ ಒಂದು ಲೆಕ್ಕಾಚಾರ

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಶುರು. "ಮಗಳು ಪಿಯುಸಿಗೆ ಸೇರುತ್ತಾಳೆ, ಇಪ್ಪತ್ತು ಸಾವಿರದ ಆಸುಪಾಸು ಇಟ್ಟುಕೊಂಡಿದ್ದೇವೆ, ಎಂತ ತಗೊಳ್ಳುವುದು?" ಈ ದುಡ್ಡಿಗೆ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಬರುವುದಿಲ್ಲ. ಬಂದರೂ ಆನ್ ಆಗುವಷ್ಟರಲ್ಲಿ ಚಹಾ ಕುಡಿದು ಮುಗಿಸಬಹುದು. ಹಾಗಾಗಿ ಹಂಪನಕಟ್ಟೆಯ ಅಂಗಡಿಗೆ ಹೋದರೂ, ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ವಿಚಾರಿಸಿದರೂ ಮೊದಲು ಟ್ಯಾಬ್ ತೋರಿಸುತ್ತಾರೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಅದೇ ಬೆಲೆಗೆ ಕ್ರೋಮ್‌ಬುಕ್ ಕಾಣುತ್ತದೆ. ಅಲ್ಲಿಗೆ ತಲೆ ಕೆಟ್ಟಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರಿಗಾದರೂ ಬರೆಯುವ ಕೆಲಸ ಉಂಟು ಎಂದಾದರೆ ಟ್ಯಾಬ್ ಬದಲು ಕ್ರೋಮ್‌ಬುಕ್ ವಾಸಿ. ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗ ಇರುವ ಕ್ರೋಮ್‌ಬುಕ್ ಬೇಡ. ನೋಡುವುದು, ಕೇಳುವುದು, ಮಾತಾಡುವುದೇ ಜಾಸ್ತಿ ಆದರೆ ಟ್ಯಾಬೇ ಸರಿ.

ಕ್ರೋಮ್‌ಬುಕ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮಾಮೂಲಿ ಲ್ಯಾಪ್‌ಟಾಪ್ ತರಹವೇ ಇರುತ್ತದೆ, ಒಳಗೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುತ್ತದೆ. ಮೊದಲ ಕ್ರೋಮ್‌ಬುಕ್‌ಗಳು ಮಾರಾಟಕ್ಕೆ ಬಂದದ್ದು 2011ರಲ್ಲಿ. ಆಗ ಅದು ಬರೀ ಬ್ರೌಸರ್. 2016ರಿಂದ ಪ್ಲೇಸ್ಟೋರಿನ ಆಂಡ್ರಾಯ್ಡ್ ಆಪ್‌ಗಳೂ ಓಡತೊಡಗಿದವು. ಅಲ್ಲಿಂದಲೇ ಟ್ಯಾಬ್ ಜೊತೆ ಹೋಲಿಕೆ ಶುರುವಾದದ್ದು. 2023ರ ಅಕ್ಟೋಬರ್‌ನಿಂದ ಎಚ್‌ಪಿ ಕಂಪನಿ ಚೆನ್ನೈ ಹತ್ತಿರ ಕ್ರೋಮ್‌ಬುಕ್ ತಯಾರಿಸುತ್ತಿದೆ, ಹಾಗಾಗಿ ಇದೇನೂ ಅಮೆರಿಕದಿಂದ ಬಾವ ತಂದುಕೊಡಬೇಕಾದ ಸಾಮಾನಲ್ಲ.

ಏನೇನು ತೂಗಿ ನೋಡಬೇಕು

ಅಂಗಡಿಯ ಚೀಟಿಯಲ್ಲಿ ಬರೆದ ಪ್ರೊಸೆಸರ್ ಹೆಸರು ಆಮೇಲೆ. ಮೊದಲು ಮನೆಯಲ್ಲಿ ಕೂತು ಕೇಳಿಕೊಳ್ಳಿ: ದಿನಕ್ಕೆ ಎಷ್ಟು ಹೊತ್ತು ಟೈಪ್ ಮಾಡುವುದುಂಟು? ಮನೆಯಲ್ಲಿ ನೆಟ್ ಹೇಗಿದೆ, ಗುಡುಗಿದಾಗ ಹೇಗಿರುತ್ತದೆ? ಇದೇ ಬೇಕು ಎಂದು ಹಟ ಹಿಡಿಯುವ ಸಾಫ್ಟ್‌ವೇರ್ ಯಾವುದಾದರೂ ಉಂಟಾ? ಎಷ್ಟು ವರ್ಷ ಬಾಳಬೇಕು? ಪರದೆಯನ್ನು ಒಬ್ಬರು ನೋಡುವುದಾ, ನಾಲ್ಕು ಜನ ಸೇರಿ ನೋಡುವುದಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಟೈಪಿಂಗ್

ಟ್ಯಾಬ್ ಸೋಲುವುದು ಇಲ್ಲೇ. ಹತ್ತೂವರೆ ಇಂಚಿನ ಟ್ಯಾಬನ್ನು ಅಡ್ಡ ಹಿಡಿದು ಗೂಗಲ್ ಡಾಕ್ಸ್ ತೆರೆಯಿರಿ. ಬರೆಯಲು ಬೆರಳಿಟ್ಟ ಕೂಡಲೇ ಕೀಬೋರ್ಡ್ ಕೆಳಗಿನಿಂದ ಎದ್ದು ಬಂದು ಅರ್ಧ ಪರದೆ ನುಂಗುತ್ತದೆ. ಮೇಲೆ ಟೂಲ್‌ಬಾರ್ ಒಂದಿಷ್ಟು ಜಾಗ ಹಿಡಿಯುತ್ತದೆ. ನಡುವೆ ಉಳಿಯುವುದು ನಾಲ್ಕೈದು ಸಾಲು. ಹಿಂದಿನ ಪುಟದಲ್ಲಿ ಏನು ಬರೆದೆ ಎಂದು ನೋಡಬೇಕಾದರೆ ಕೀಬೋರ್ಡ್ ಇಳಿಸಬೇಕು, ಪುಟ ಸರಿಸಬೇಕು, ಓದಬೇಕು, ಮತ್ತೆ ಬಂದು ಬೆರಳಿಡಬೇಕು. ಎರಡು ಸಾಲಿನ ಮೆಸೇಜಿಗೆ ಇದು ತೊಂದರೆಯೇ ಅಲ್ಲ. ಎಂಟು ಪುಟದ ಪ್ರಾಜೆಕ್ಟ್ ವರದಿಗೆ ಮೂರನೇ ಪುಟಕ್ಕೇ ಸಾಕು ಅನಿಸುತ್ತದೆ.

"ಬ್ಲೂಟೂತ್ ಕೀಬೋರ್ಡ್ ಹಾಕಿದರೆ ಆಯ್ತಲ್ವಾ?" ಆಗುತ್ತದೆ, ಮೇಜು ಇದ್ದರೆ. ಸಾವಿರ, ಎರಡು ಸಾವಿರ ಹೆಚ್ಚು ಬೀಳುತ್ತದೆ, ಅದನ್ನೂ ಚಾರ್ಜ್ ಮಾಡಬೇಕು, ಟ್ಯಾಬನ್ನು ನಿಲ್ಲಿಸಲು ಕವರ್ ಬೇಕು. ತೊಡೆಯ ಮೇಲೆ ಇಟ್ಟರೆ ಟ್ಯಾಬ್ ಹಿಂದಕ್ಕೆ ವಾಲುತ್ತದೆ. ಹಾಸ್ಟೆಲ್‌ನ ಮಂಚದ ಮೇಲೆ ಕಾಲು ಮಡಚಿ ಕೂತು ಓದುವ ಮಕ್ಕಳಿಗೆ ಇದೊಂದು ದಿನನಿತ್ಯದ ಕಿರಿಕಿರಿ. ಕ್ರೋಮ್‌ಬುಕ್‌ನಲ್ಲಿ ಕೀಬೋರ್ಡ್, ಪರದೆ, ಟಚ್‌ಪ್ಯಾಡ್ ಒಂದೇ ದೇಹ. ತೆರೆದರೆ ಕೆಲಸ ಶುರು.

ಕನ್ನಡ ಟೈಪಿಂಗ್ ವಿಷಯದಲ್ಲಿ ಮಾತ್ರ ಲೆಕ್ಕ ಸ್ವಲ್ಪ ತಿರುವುಮುರುವು. ಟ್ಯಾಬ್‌ನ ಜಿಬೋರ್ಡ್‌ನಲ್ಲಿ (ಗೂಗಲ್‌ನ ಪರದೆ ಕೀಬೋರ್ಡ್) ಕನ್ನಡ ಅಕ್ಷರಗಳು ಕಣ್ಣಿಗೇ ಕಾಣುತ್ತವೆ. ಬೆರಳಲ್ಲಿ ಬರೆದರೂ ಗುರುತಿಸುತ್ತದೆ, ಬಾಯಲ್ಲಿ ಹೇಳಿದರೂ ಬರೆಯುತ್ತದೆ. ಯಾವ ಕೀಲಿಯಲ್ಲಿ ಯಾವ ಅಕ್ಷರ ಎಂದು ಗೊತ್ತಿಲ್ಲದ ಹಿರಿಯರಿಗೆ ಅದೇ ಹಿತ. ಕ್ರೋಮ್‌ಬುಕ್‌ನಲ್ಲಿ ಕೀಲಿಗಳ ಮೇಲೆ ಇಂಗ್ಲಿಷ್ ಮಾತ್ರ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿಕೊಂಡು ಅಭ್ಯಾಸ ಮಾಡಿಕೊಳ್ಳಬೇಕು. ಒಮ್ಮೆ ಕೈ ಕೂತರೆ ವೇಗಕ್ಕೆ ಟ್ಯಾಬ್ ಸಾಟಿಯೇ ಅಲ್ಲ. ಹಾಗೆ ನೋಡಿದರೆ ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡವನ್ನು ಲೆಕ್ಕಾಚಾರವಾಗಿ ಕೂರಿಸಿದವರೇ ನಮ್ಮ ಊರಿನ ಕಡೆಯವರು, ಕಿನ್ನಿಕಂಬಳದ ಕೆ.ಪಿ. ರಾವ್. ಸರಕಾರ ಒಪ್ಪಿದ ಕನ್ನಡ ಕೀಲಿ ವಿನ್ಯಾಸ ಅವರದೇ. ಟೈಪಿಂಗೇ ಬೇಡ ಎನ್ನುವವರಿಗೆ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಕ್ರೋಮ್‌ಬುಕ್‌ನಲ್ಲೂ ಕನ್ನಡ ಕೇಳಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ, ಪಿಯುಸಿ ಮಕ್ಕಳ ಅಪ್ಪ ಅಮ್ಮ ಗಮನಿಸಬೇಕಾದದ್ದು. ನಮ್ಮ ಸಿಇಟಿಯಲ್ಲಿ, ನೀಟ್‌ನಲ್ಲಿ ಇಷ್ಟು ವರ್ಷ ಕಾಗದದ ಮೇಲೆ ಗುಂಡಿ ತುಂಬಿಸಿದ್ದೇವೆ. ಜೆಇಇ ಮೇನ್ ಹಾಗಲ್ಲ, ಕಂಪ್ಯೂಟರ್ ಮುಂದೆ ಕೂತು ಮೌಸ್ ಹಿಡಿದು ಬರೆಯುವ ಪರೀಕ್ಷೆ. ಅಣಕು ಪರೀಕ್ಷೆಗಳನ್ನೆಲ್ಲ ಟ್ಯಾಬ್ ಮೇಲೆ ಬೆರಳಾಡಿಸಿ ಮಾಡಿದವರಿಗೆ ಆ ಹಾಲ್‌ನಲ್ಲಿ ಮೊದಲ ಹತ್ತು ನಿಮಿಷ ಕೈ ತಡವರಿಸುತ್ತದೆ. ಮನೆಯಲ್ಲಿ ಕ್ರೋಮ್‌ಬುಕ್‌ಗೆ ಒಂದು ಮೌಸ್ ಚುಚ್ಚಿ ಅಭ್ಯಾಸ ಮಾಡಿದರೆ ಆ ಭಯ ಇಲ್ಲ.

ನೆಟ್ ಹೋದರೆ?

"ಕ್ರೋಮ್‌ಬುಕ್ ನೆಟ್ ಇಲ್ಲದೆ ನಡೆಯುವುದೇ ಇಲ್ಲವಂತೆ" ಎಂಬ ಮಾತು ಇನ್ನೂ ಓಡಾಡುತ್ತಿದೆ. ಅರ್ಧ ಸತ್ಯ. ಡಾಕ್ಸ್, ಶೀಟ್ಸ್, ಜಿಮೇಲ್ ಮೂರನ್ನೂ ಆಫ್‌ಲೈನ್ ಇಡಬಹುದು. ಪಿಡಿಎಫ್, ಡೌನ್‌ಲೋಡ್ ಮಾಡಿದ ವಿಡಿಯೋ ಎಲ್ಲ ತೆರೆಯುತ್ತವೆ. ಆದರೆ ಆಫ್‌ಲೈನ್ ಬಟನ್ ಒತ್ತಬೇಕಾದದ್ದು ನೆಟ್ ಇರುವಾಗ. ನೆಟ್ ಹೋದ ಮೇಲೆ ನೆನಪಾದರೆ ಏನೂ ಪ್ರಯೋಜನ ಇಲ್ಲ.

ಇದು ನಮ್ಮ ಕಡೆ ಯಾಕೆ ಮುಖ್ಯ ಎಂದರೆ, ಇಲ್ಲಿ ಗುಡುಗು ಶುರುವಾದರೆ ಎಲ್ಲರೂ ಮೊದಲು ಮಾಡುವ ಕೆಲಸ ಪ್ಲಗ್ ಕೀಳುವುದು. ಟಿವಿ, ಫ್ರಿಜ್, ಆಮೇಲೆ ರೂಟರ್. ಏಪ್ರಿಲ್-ಮೇ ಸಂಜೆಗಳಲ್ಲೂ ದೀಪಾವಳಿ ಮುಂಚಿನ ವಾರಗಳಲ್ಲೂ ಇದು ಮಾಮೂಲಿ. ನಾವು ಕೀಳದಿದ್ದರೆ ಮೆಸ್ಕಾಂನವರೇ ಕರೆಂಟ್ ತೆಗೆಯುತ್ತಾರೆ. ಮಕ್ಕಳು ಓದಲು ಕೂರುವುದೂ ಸರಿಯಾಗಿ ಆಗಲೇ. ಸಿಮ್ ಹಾಕುವ ಟ್ಯಾಬ್ ಆದರೆ ವೈಫೈ ಹೋದದ್ದು ಗೊತ್ತೇ ಆಗುವುದಿಲ್ಲ, ಮೊಬೈಲ್ ಡೇಟಾದಲ್ಲಿ ಓಡುತ್ತಿರುತ್ತದೆ. ಕ್ರೋಮ್‌ಬುಕ್‌ಗಳಲ್ಲಿ ಸಿಮ್ ಜಾಗ ಇರುವುದು ಬಹಳ ಅಪರೂಪ, ಅಮ್ಮನ ಮೊಬೈಲಿನ ಹಾಟ್‌ಸ್ಪಾಟೇ ಗತಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಆದರೆ ಹಾಟ್‌ಸ್ಪಾಟಿನಲ್ಲಿ ಒಂದು ಆನ್‌ಲೈನ್ ಕ್ಲಾಸಿಗೆ ಮುಕ್ಕಾಲು ಖಾಲಿ. ಕ್ರೋಮ್‌ಬುಕ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಹಾಟ್‌ಸ್ಪಾಟನ್ನು 'ಮೀಟರ್ಡ್' ಎಂದು ಗುರುತಿಸಿಡಿ. ಹಿನ್ನೆಲೆಯಲ್ಲಿ ಡೇಟಾ ತಿನ್ನುವುದು ಕಮ್ಮಿಯಾಗುತ್ತದೆ.

ಮೂಡುಬಿದಿರೆ, ಹೆಬ್ರಿ ಕಡೆಯ ತೋಟದ ಮನೆಗಳಲ್ಲಿ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಬರುವುದುಂಟು. ಅಂಥಲ್ಲಿ ಸಿಮ್ ಟ್ಯಾಬ್ ಕೊಂಡರೂ ಅದೇ ಪಾಡು. ಅವರು ಮೊದಲು ಒಂದು ಫೈಬರ್ ಕನೆಕ್ಷನ್ ಬಗ್ಗೆ ಯೋಚಿಸುವುದು ಒಳ್ಳೆಯದು, ಯಂತ್ರ ಆಮೇಲೆ.

ಎಷ್ಟು ವರ್ಷ ಬಾಳುತ್ತದೆ

ಕ್ರೋಮ್‌ಬುಕ್‌ಗೆ ನಾನು ಅತಿ ಹೆಚ್ಚು ಅಂಕ ಕೊಡುವುದು ಇದಕ್ಕೆ. 2021ರಿಂದ ಈಚೆಗೆ ಬಂದ ಮಾದರಿಗಳಿಗೆಲ್ಲ ಹತ್ತು ವರ್ಷ ತನ್ನಷ್ಟಕ್ಕೆ ಅಪ್‌ಡೇಟ್ ಬರುತ್ತದೆ ಎಂದು ಗೂಗಲ್ 2023ರಲ್ಲಿ ಘೋಷಿಸಿತು. ಅಪ್‌ಡೇಟ್ ಹಿನ್ನೆಲೆಯಲ್ಲೇ ಇಳಿದು ಕೂತಿರುತ್ತದೆ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ವೈರಸ್ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಏನಾದರೂ ಎಡವಟ್ಟಾದರೆ 'ಪವರ್‌ವಾಶ್' ಕೊಟ್ಟು (ಎಲ್ಲ ಅಳಿಸಿ ಹೊಸದರಂತೆ ಮಾಡುವುದು) ಜಿಮೇಲ್ ಹಾಕಿ ಮತ್ತೆ ಒಳಗೆ ಬನ್ನಿ, ಡ್ರೈವ್‌ನಲ್ಲಿದ್ದ ಫೈಲುಗಳೆಲ್ಲ ಅಲ್ಲೇ ಇರುತ್ತವೆ. ಯಂತ್ರದೊಳಗೆ ಡೌನ್‌ಲೋಡ್ ಮಾಡಿಟ್ಟದ್ದು ಮಾತ್ರ ಅಳಿದುಹೋಗುತ್ತದೆ, ಅದನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಆದರೆ ಇದರಲ್ಲೊಂದು ಕೊಕ್ಕೆ ಉಂಟು. ಈ ಹತ್ತು ವರ್ಷದ ಎಣಿಕೆ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ, ಆ ಮಾದರಿಯ ಒಳಗಿನ ವ್ಯವಸ್ಥೆ ಮೊದಲು ಬಿಡುಗಡೆಯಾದ ದಿನದಿಂದ ಶುರು. 2021ರ ಮಾದರಿಯನ್ನು ಈ ವರ್ಷ ಕೊಂಡರೆ ಅದರ ಅರ್ಧದಷ್ಟು ಆಯುಷ್ಯ ಆಗಲೇ ಕಳೆದಿರುತ್ತದೆ. ಎಂಟು ಒಂಬತ್ತು ಸಾವಿರಕ್ಕೆ 'ರಿಫರ್ಬಿಶ್ಡ್' (ಹಳೆಯದನ್ನು ಸರಿಮಾಡಿ ಮಾರುವುದು) ಎಂದು ಸಿಗುವ ಎಷ್ಟೋ ಕ್ರೋಮ್‌ಬುಕ್‌ಗಳು ಇನ್ನೂ ಹಳೆಯವು, ಅಪ್‌ಡೇಟ್ ಮುಗಿದಿರುವ ಅಥವಾ ಮುಗಿಯಲು ಬಂದಿರುವಂಥವು. ಹೊರಗಿನಿಂದ ನೋಡಿದರೆ ಫಳಫಳ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಕ್ರೋಮ್‌ಓಎಸ್' ಒಳಗೆ ಹೋದರೆ ಯಾವ ವರ್ಷ, ಯಾವ ತಿಂಗಳವರೆಗೆ ಅಪ್‌ಡೇಟ್ ಎಂದು ಬರೆದಿರುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವವರು ಮಾದರಿಯ ಹೆಸರು ಹಿಡಿದು ಗೂಗಲ್‌ನ ಪಟ್ಟಿಯಲ್ಲಿ ನೋಡಬಹುದು. ಕಡೇ ಪಕ್ಷ ಐದು ವರ್ಷ ಉಳಿದಿರದಿದ್ದರೆ ಅದನ್ನು ಬಿಟ್ಟುಬಿಡಿ.

ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಇದು ಕಂಪನಿಗೊಂದು ನೀತಿ. 15 ಸಾವಿರದ ಒಳಗಿನವುಗಳಿಗೆ ಅಪ್‌ಡೇಟ್ ಬೇಗ ನಿಲ್ಲುತ್ತದೆ ಎಂದುಕೊಂಡೇ ಕೊಳ್ಳಿ. ಐಪ್ಯಾಡ್ ಈ ವಿಷಯದಲ್ಲಿ ಗಟ್ಟಿ: 2020ರಲ್ಲಿ ಬಂದ ಎಂಟನೇ ತಲೆಮಾರಿನ ಸಾದಾ ಐಪ್ಯಾಡ್‌ಗೆ 2025ರ ಐಪ್ಯಾಡ್‌ಓಎಸ್ 26 ಕೂಡ ಸಿಕ್ಕಿತು.

ಹಾಂ, ಆಂಡ್ರಾಯ್ಡ್ ಮತ್ತು ಕ್ರೋಮ್‌ಓಎಸ್ ಎರಡನ್ನೂ ಒಂದೇ ಬುನಾದಿಗೆ ತರುವುದಾಗಿ ಗೂಗಲ್‌ನವರು 2025ರಲ್ಲಿ ಹೇಳಿದ್ದಾರೆ. ಅದಕ್ಕಾಗಿ ಕಾಯುತ್ತಾ ಕೂರುವ ಅಗತ್ಯ ನನಗೆ ಕಾಣುವುದಿಲ್ಲ. ಕಾಲೇಜು ಜೂನ್‌ನಲ್ಲಿ ಶುರುವಾಗುತ್ತದೆ.

ಪರದೆ

ಇಲ್ಲಿ ಟ್ಯಾಬ್ ಸಲೀಸಾಗಿ ಗೆಲ್ಲುತ್ತದೆ. 15-18 ಸಾವಿರದ ಹನ್ನೊಂದು ಇಂಚಿನ ಟ್ಯಾಬ್‌ಗಳಲ್ಲಿ 1920×1200ರ ಐಪಿಎಸ್ ಪರದೆ (ಪಕ್ಕದಿಂದ ನೋಡಿದರೂ ಬಣ್ಣ ಮಾಸದಂಥದ್ದು) ಈಗ ಮಾಮೂಲಿ. ಅದೇ ಬೆಲೆಯ ಕ್ರೋಮ್‌ಬುಕ್‌ಗಳಲ್ಲಿ ಹೆಚ್ಚಿನವಕ್ಕೆ 1366×768ರ ಹಳೇ ಕಾಲದ ಪರದೆ. ನೇರ ಕೂತು ನೋಡಿದರೆ ಪರವಾಗಿಲ್ಲ. ಪಕ್ಕದಲ್ಲಿ ಕೂತವರಿಗೆ ಬಣ್ಣ ಮಾಸಿ ಕಾಣುತ್ತದೆ, ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಕಪ್ಪು ಬೂದಿಯಾಗುತ್ತದೆ. ರಾತ್ರಿ ಅಜ್ಜ ಅಜ್ಜಿ ಇಬ್ಬರೂ ಚಾವಡಿಯಲ್ಲಿ ಕೂತು ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವ ಮನೆಯಾದರೆ, ಮುಖವರ್ಣಿಕೆಯ ಕೆಂಪು ಹಸಿರು ಒಬ್ಬರಿಗೆ ಮಾತ್ರ ಸರಿ ಕಾಣುವ ಯಂತ್ರ ತಗೊಂಡು ಏನು ಮಾಡುವುದು! ಟ್ಯಾಬ್ ಅರ್ಧ ಕಿಲೋ ಆಸುಪಾಸು, ಮಲಗಿಯೂ ಹಿಡಿಯಬಹುದು. ಕ್ರೋಮ್‌ಬುಕ್ ಒಂದು ಕಿಲೋಗಿಂತ ಮೇಲೆ, 14 ಇಂಚಿನದ್ದು ಹತ್ತಿರಹತ್ತಿರ ಒಂದೂವರೆ.

ವಿಡಿಯೋ ಕಾಲ್ ಕೂಡ ಟ್ಯಾಬಿನಲ್ಲೇ ಸಲೀಸು. ಮಗ ದುಬೈಯಲ್ಲಿ ಇದ್ದರೆ ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಬೋಟಿಮ್‌ನಂಥ ಆಪ್ ಬೇಕು ಎಂದು ಇಲ್ಲಿನ ಎಲ್ಲರಿಗೂ ಗೊತ್ತು. ಅಂಥ ಆಪ್‌ಗಳು ಮೊಬೈಲ್‌ಗೆ ಎಂದೇ ಮಾಡಿದವು. ಟ್ಯಾಬ್‌ನಲ್ಲಿ ಹಾಯಾಗಿ ಓಡುತ್ತವೆ, ಕ್ರೋಮ್‌ಬುಕ್‌ನಲ್ಲಿ ಓಡಿದರೂ ಕೆಲವು ಪರದೆ ಮಧ್ಯೆ ಉದ್ದಕ್ಕೆ ಮೊಬೈಲ್ ಆಕಾರದಲ್ಲಿ ನಿಂತುಬಿಡುತ್ತವೆ.

ಎರಡರಲ್ಲೂ ಆಗದ ಕೆಲಸ

ಇದನ್ನು ಕೊಳ್ಳುವ ಮೊದಲು ಓದಿ, ಆಮೇಲೆ ಬೈಯಬೇಡಿ. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬೇಕು ಎಂದರೆ ಕ್ರೋಮ್‌ಬುಕ್ ಆಗಲ್ಲ, ಟ್ಯಾಬೂ ಆಗಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ರಿಟರ್ನ್ ಹಾಕುವವರಿಗೂ ಇದು ಬೇಡ. ಇಂಜಿನಿಯರಿಂಗ್‌ನವರ ಆಟೋಕ್ಯಾಡ್ ತರಹದ ದೊಡ್ಡ ಸಾಫ್ಟ್‌ವೇರ್‌ಗೆ ವಿಂಡೋಸ್ ಬೇಕು. ಹಾಗಾಗಿ ಮಣಿಪಾಲಕ್ಕೋ ಸುರತ್ಕಲ್‌ಗೋ ಬಿ.ಟೆಕ್‌ಗೆ ಹೋಗುವ ಹುಡುಗನಿಗೆ ಇದೊಂದನ್ನೇ ಕೊಟ್ಟು ಕಳಿಸಬೇಡಿ. ಬಿಸಿಎ ಮಕ್ಕಳ ಪೈಥಾನ್ ಅಭ್ಯಾಸಕ್ಕೆ ಕ್ರೋಮ್‌ಬುಕ್‌ನ ಒಳಗೇ ಲಿನಕ್ಸ್ ಹಾಕಿಕೊಳ್ಳಬಹುದು, 8 ಜಿಬಿ ರ‍್ಯಾಮ್ ಇದ್ದರೆ ಮಾತ್ರ.

ಸೊಸೈಟಿ, ಪಂಚಾಯತ್, ದೇವಸ್ಥಾನದ ಸಮಿತಿಗಳ ಕಾರ್ಯದರ್ಶಿಗಳಿಗೆ ಒಂದು ಎಚ್ಚರಿಕೆ. ಹಳೇ ನುಡಿ ಫಾಂಟಿನಲ್ಲಿರುವ ವರದಿ, ಆಮಂತ್ರಣಗಳನ್ನು ಇದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಹಾಳಾದದ್ದಲ್ಲ, ಆ ಫಾಂಟ್ ಇಲ್ಲದ್ದೇ ಕಾರಣ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ವೆಬ್‌ನಲ್ಲೇ ಸಿಗುತ್ತವೆ, ಪ್ಯಾರಾ ಪ್ಯಾರಾ ಹಾಕಿ ತೆಗೆಯಬಹುದು. ಆದರೆ ನಿಮ್ಮ ಡಿಟಿಪಿಯವರು ನುಡಿಯಲ್ಲೇ ಫೈಲ್ ಕೇಳುವವರಾದರೆ ವಿಂಡೋಸ್ ಬಿಡಲು ಆಗುವುದಿಲ್ಲ.

ಪ್ರಿಂಟರ್: ವೈಫೈ ಇರುವ ಈಚಿನವು ನಡೆಯುತ್ತವೆ. ಸಿಡಿ ಹಾಕಿ ಇನ್‌ಸ್ಟಾಲ್ ಮಾಡುತ್ತಿದ್ದ ಹಳೇ ಪ್ರಿಂಟರನ್ನು ನಂಬಬೇಡಿ. ಕೊನೆಗೆ ಪಿಡಿಎಫ್ ಮಾಡಿ ಝೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡುವುದು ಇದ್ದೇ ಇದೆ.

ಮಧ್ಯದ ದಾರಿಗಳು

ಕೀಬೋರ್ಡ್ ಕಳಚಿ ಟ್ಯಾಬ್ ಮಾಡಿಕೊಳ್ಳುವ ಕ್ರೋಮ್‌ಬುಕ್‌ಗಳಿವೆ, ಲೆನೊವೊದ ಡ್ಯೂಯೆಟ್ ತರಹದ್ದು. ಎರಡೂ ಬೇಕು ಎನ್ನುವವರಿಗೆ ಒಪ್ಪುತ್ತದೆ. ಪರದೆ ಚೆನ್ನ. ಕೀಬೋರ್ಡ್ ಮಾತ್ರ ಇಕ್ಕಟ್ಟು, ತೊಡೆಯ ಮೇಲೆ ಟ್ಯಾಬಿನದ್ದೇ ಸಮಸ್ಯೆ.

ಐಪ್ಯಾಡ್ ಒಳ್ಳೆಯದೇ. 2025ರಲ್ಲಿ ಬಂದ ಸಾದಾ ಐಪ್ಯಾಡ್ 34,900 ರೂಪಾಯಿಗೆ ಶುರು, ಕೀಬೋರ್ಡ್ ಪೆನ್ಸಿಲ್ ಸೇರಿದರೆ ಒಳ್ಳೆಯ ಲ್ಯಾಪ್‌ಟಾಪಿನ ದುಡ್ಡು. ಚಿತ್ರ ಬಿಡಿಸುವ ಮಕ್ಕಳಿಗೆ, ಕೈಬರಹದಲ್ಲಿ ನೋಟ್ಸ್ ಮಾಡುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಸರಿ.

ಜಿಯೋಬುಕ್ ಎಂಬುದೂ ಕಣ್ಣಿಗೆ ಬೀಳಬಹುದು. 2023ರಲ್ಲಿ 16,499 ರೂಪಾಯಿಗೆ ಬಂದದ್ದು, 4ಜಿ ಸಿಮ್ ಹಾಕಬಹುದು, ತೂಕ ಒಂದು ಕಿಲೋಗಿಂತ ಕಡಿಮೆ. ನೋಡಲು ಕ್ರೋಮ್‌ಬುಕ್ ತರಹ ಇದ್ದರೂ ಅದು ಕ್ರೋಮ್‌ಬುಕ್ ಅಲ್ಲ, ಆಂಡ್ರಾಯ್ಡ್ ಆಧಾರದ ಜಿಯೋಓಎಸ್. ಮೇಲೆ ಹೇಳಿದ ಹತ್ತು ವರ್ಷದ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಇನ್ನು ದುಡ್ಡೇ ಖರ್ಚಾಗದ ದಾರಿ. ಕಪಾಟಿನಲ್ಲಿ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿ ನೋಡಿ. ಉಚಿತ. 4 ಜಿಬಿ ರ‍್ಯಾಮ್ ಸಾಕು, ಪೆನ್‌ಡ್ರೈವ್‌ನಿಂದ ಹಾಕಬಹುದು, ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ಪರೀಕ್ಷಿಸಲೂಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಹಾಗೆ ಮೂಲೆ ಸೇರಿದ ಎಷ್ಟೋ ಯಂತ್ರಗಳಿಗೆ ಇದರಿಂದ ಮರುಜೀವ ಬರುತ್ತದೆ. ಪ್ಲೇಸ್ಟೋರ್ ಆಪ್‌ಗಳು ಮಾತ್ರ ಇದರಲ್ಲಿ ಇಲ್ಲ. ಕ್ರೋಮ್‌ಬುಕ್ ನಿಮಗೆ ಒಗ್ಗುತ್ತದಾ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಯಾರಿಗೆ ಯಾವುದು

ಕೈಯಲ್ಲಿ 12-15 ಸಾವಿರ ಮಾತ್ರ ಇದ್ದರೆ ಹೊಸ ಟ್ಯಾಬ್ ತಗೊಳ್ಳಿ. ಈ ಬೆಲೆಯ 4 ಜಿಬಿ ಕ್ರೋಮ್‌ಬುಕ್‌ನಲ್ಲಿ ಒಂದು ಗೂಗಲ್ ಮೀಟ್ ಕ್ಲಾಸ್ ನಡೆಯುತ್ತಿರುವಾಗ ಬ್ರೌಸರ್‌ನಲ್ಲಿ ನಾಲ್ಕೈದು ಪುಟ ತೆರೆದರೆ ತಡವರಿಸುತ್ತದೆ. ಅದನ್ನು ನೋಡಿದವರೇ "ಕ್ರೋಮ್‌ಬುಕ್ ದಂಡ" ಎಂದು ಊರೆಲ್ಲ ಹೇಳುವುದು.

20-25 ಸಾವಿರಕ್ಕೆ 8 ಜಿಬಿ ರ‍್ಯಾಮ್, ಫುಲ್ ಎಚ್‌ಡಿ ಪರದೆ ಎರಡೂ ಇರುವ ಕ್ರೋಮ್‌ಬುಕ್ ಸಿಕ್ಕಿದರೆ ಹೈಸ್ಕೂಲ್, ಪಿಯುಸಿ, ಬಿಕಾಂ, ಬಿಎ ಮಕ್ಕಳಿಗೆ, ಶಾಲೆಯ ಟೀಚರುಗಳಿಗೆ, ಮನೆಯಿಂದ ಕಂಟೆಂಟ್ ಬರೆಯುವವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಅದೇ ಸರಿ. ಎರಡರಲ್ಲಿ ಒಂದೇ ಸಿಗುವುದಾದರೆ ರ‍್ಯಾಮ್ ಆರಿಸಿ. ಪ್ರತಿ ವಾರ ಆಫರ್ ಬರುವ ಸಾಮಾನಿದು, ಹಬ್ಬದ ಸೇಲ್‌ವರೆಗೆ ಕಾಯಲು ಆಗುವವರು ಕಾಯಿರಿ. ಮೂವತ್ತು ದಾಟಿದರೆ 'ಕ್ರೋಮ್‌ಬುಕ್ ಪ್ಲಸ್' ಎಂಬ ಗುರುತು ಇರುವುದನ್ನು ನೋಡಿ. ಆ ಗುರುತು ಇದ್ದರೆ ಕನಿಷ್ಠ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್, ಫುಲ್ ಎಚ್‌ಡಿ ಐಪಿಎಸ್ ಪರದೆ ಇರಲೇಬೇಕು. ಆದರೆ ಆ ಬೆಲೆಗೆ ವಿಂಡೋಸ್ ಲ್ಯಾಪ್‌ಟಾಪೂ ಬರುತ್ತದೆ, ಟ್ಯಾಲಿ-ನುಡಿ ಇರುವ ಮನೆಯವರು ಆ ಕಡೆಗೇ ಹೋಗುವುದು ಒಳ್ಳೆಯದು.

ಅಜ್ಜ ಅಜ್ಜಿ, ಪುಟ್ಟ ಮಕ್ಕಳು, ಅಡುಗೆಮನೆ ಕಟ್ಟೆ, ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್: ಇವಕ್ಕೆಲ್ಲ ಟ್ಯಾಬ್. ಸಿಮ್ ಇರುವುದಕ್ಕೆ ಒಂದೆರಡು ಸಾವಿರ ಜಾಸ್ತಿ ಆದರೂ ಕೊಡಿ.

ಕೊಳ್ಳುವಾಗ

ಕ್ರೋಮ್‌ಬುಕ್ ಇಲ್ಲಿ ಅಂಗಡಿಗಳಲ್ಲಿ ಎದುರಿಗೆ ಇಟ್ಟಿರುವುದು ಕಡಿಮೆ, ಕೇಳಿದರೆ ತರಿಸಿಕೊಡುತ್ತಾರೆ. ಇಟ್ಟಿದ್ದರೆ ಸುಮ್ನೆ ಮುಟ್ಟಿ ಬರಬೇಡಿ. ಕೀಬೋರ್ಡ್ ನಡುವೆ ಬೆರಳಲ್ಲಿ ಒತ್ತಿ, ಎಷ್ಟು ಕುಸಿಯುತ್ತದೆ ನೋಡಿ. ಅಂಗಡಿಯ ವೈಫೈಯಲ್ಲಿ ಬ್ರೌಸರ್‌ನ ಹತ್ತು ಪುಟ ತೆರೆದು ಮೊದಲನೆಯದಕ್ಕೆ ವಾಪಸ್ ಬನ್ನಿ; ಅದು ಮತ್ತೆ ಮೊದಲಿನಿಂದ ಲೋಡ್ ಆದರೆ ರ‍್ಯಾಮ್ ಸಾಲುತ್ತಿಲ್ಲ. ಪರದೆಯನ್ನು ಪಕ್ಕದಿಂದ ನೋಡಿ. ಅಪ್‌ಡೇಟ್ ತಾರೀಕು ತೆಗೆಸಿ ಫೋಟೋ ಹೊಡೆದುಕೊಳ್ಳಿ. ರ‍್ಯಾಮ್ ಆಮೇಲೆ ಹೆಚ್ಚಿಸಲು ಬಹುತೇಕ ಮಾದರಿಗಳಲ್ಲಿ ಆಗುವುದಿಲ್ಲ, ಬೋರ್ಡಿಗೇ ಬೆಸೆದಿರುತ್ತಾರೆ.

ಸರ್ವಿಸ್ ಸೆಂಟರ್ ಮಂಗಳೂರಿನಲ್ಲೇ ಉಂಟಾ, ಅಲ್ಲಿ ಕ್ರೋಮ್‌ಬುಕ್ ನೋಡುತ್ತಾರಾ ಎಂದು ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ಅದೇ ಕಂಪನಿಯ ವಿಂಡೋಸ್ ಯಂತ್ರ ರಿಪೇರಿ ಮಾಡುವವರು ಇದರ ಬಿಡಿಭಾಗ ಇಲ್ಲ ಎಂದು ವಾರಗಟ್ಟಲೆ ಕಾಯಿಸುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದನ್ನೇ ಆಗಲಿ ಬಟ್ಟೆ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿ ಇಡಬೇಡಿ, ಬೂಸ್ಟು ಹಿಡಿಯುತ್ತದೆ. ದಿನಾ ಬಳಸಿದರೆ ಆ ಬಿಸಿಗೇ ಒಣಗಿರುತ್ತದೆ. ಚಾರ್ಜಿಂಗ್ ತೂತು ಒದ್ದೆ ಇದ್ದಾಗ ವಯರ್ ಚುಚ್ಚಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ.